ಆರನೇ ಮೇಜಿನ ಸ್ಕ್ರೂಡ್ರೈವರ್

ಗೊಂಬೆಯಮ್ಮ ಎಂದ ಕೂಡಲೇ ಗೊಂಬೆ ಮಾರುವವಳು ಎಂದುಕೊಳ್ಳಬೇಡಿ. ಅವಳು ಟೇಬಲ್ ಫ್ಯಾನ್ ಕಾರ್ಖಾನೆಯವಳು. ಹತ್ತೊಂಬತ್ತನೇ ವಯಸ್ಸಿಗೆ ಅಲ್ಲಿನ ಎರಡನೇ ಮೇಜಿಗೆ ಬಂದು ನಿಂತು, ಹನ್ನೆರಡು ವರ್ಷ ಮೋಟಾರಿಗೆ ವೈರು ಜೋಡಿಸಿದಳು. ಈಗ ಅದೇ ಶೆಡ್ಡಿನ ಮೂಲೆಯ ಗಾಜಿನ ಕೋಣೆಯಲ್ಲಿ ಕೂತು ಇಡೀ ಲೈನನ್ನು ಕಂಪ್ಯೂಟರಿನೊಳಗೆ ಓಡಿಸುತ್ತಾಳೆ. ತೆರೆಯ ಮೇಲೆ ಹತ್ತು ಮೇಜು, ಮೇಜಿಗೊಂದು ಹೆಬ್ಬೆರಳುದ್ದದ ಗೊಂಬೆ, ನಡುವೆ ಸಾಗುವ ಬೆಲ್ಟು, ಬೆಲ್ಟಿನ ಮೇಲೆ ಒಂದರ ಹಿಂದೊಂದು ಫ್ಯಾನು. ಯಾವ ಮೇಜಿಗೆ ಎಷ್ಟು ಸೆಕೆಂಡ್ ಬೇಕು ಎಂದು ಬರೆದುಕೊಟ್ಟರೆ ಸಾಕು, ಎಂಟು ಗಂಟೆಯ ಪಾಳಿ ಒಂದೇ ನಿಮಿಷದಲ್ಲಿ ಓಡಿ ಮುಗಿಯುತ್ತದೆ. ಎಲ್ಲಿ ಫ್ಯಾನುಗಳು ರಾಶಿ ಬೀಳುತ್ತವೆ, ಯಾವ ಗೊಂಬೆ ಕೈಕಟ್ಟಿ ನಿಲ್ಲುತ್ತದೆ ಎಲ್ಲ ಕಾಣುತ್ತದೆ. ಮೇಜನ್ನು ಆಚೀಚೆ ಸರಿಸಲು ನಾಲ್ಕು ಜನ ಸೊಂಟ ಮುರಿದುಕೊಳ್ಳಬೇಕಿಲ್ಲ, ಮೌಸು ಹಿಡಿದು ಎಳೆದರಾಯಿತು. ಇದಕ್ಕೆ ಓದಿದವರು ಸಿಮ್ಯುಲೇಷನ್ ಎನ್ನುತ್ತಾರೆ. ಲೈನಿನವರು ಗೊಂಬೆಯಾಟ ಎಂದರು, ಆಡಿಸುವವಳನ್ನು ಗೊಂಬೆಯಮ್ಮ ಎಂದು ಕರೆದರು. ಸ್ವಂತ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು.

ಈ ವಿದ್ಯೆ ಅವಳಿಗೆ ಹತ್ತಿದ್ದು ಕಾಲೇಜಿನಲ್ಲಲ್ಲ, ಅಡುಗೆಮನೆಯ ನೆಲದ ಮೇಲೆ. ಎರಡನೇ ಮೇಜಿನಲ್ಲಿದ್ದ ಕಾಲದಲ್ಲೇ ಅವಳಿಗೊಂದು ಹುಚ್ಚು. ಮನೆಗೆ ಬಂದವಳೇ ಹತ್ತು ಬೆಂಕಿಪೊಟ್ಟಣ ಸಾಲಾಗಿಟ್ಟು, ಹೊಲಿಗೆ ಡಬ್ಬಿಯ ಗುಂಡಿಗಳನ್ನು ಒಂದೊಂದಾಗಿ ತಳ್ಳುತ್ತಾ, ನಾಲ್ಕನೇ ಪೊಟ್ಟಣದ ಮುಂದೆ ಯಾಕೆ ಗುಂಡಿ ಗುಡ್ಡೆಯಾಗುತ್ತದೆ ಎಂದು ತಲೆ ಕೆರೆದುಕೊಳ್ಳುತ್ತಿದ್ದಳು. ಗಂಡ ಅಂಗಿಗೆ ಗುಂಡಿ ಹುಡುಕಿ ಹುಡುಕಿ ಸಾಕಾಗಿ, "ನಿನ್ನ ಕಾರ್ಖಾನೆ ನನ್ನ ಎದೆ ಮೇಲೇ ನಡೀತಿದೆ ಮಾರಾಯ್ತಿ" ಎನ್ನುತ್ತಿದ್ದ.

ಆ ಮನೆಯಲ್ಲಿ ಅವಳ ಹುಚ್ಚನ್ನು ಹುಚ್ಚು ಎನ್ನದವಳು ಒಬ್ಬಳೇ, ಗಂಡನ ಅಣ್ಣನ ಹೆಂಡತಿ. ಮನೆಮಂದಿಗೆಲ್ಲ ಅವಳು ದೊಡ್ಡಕ್ಕ. ಅದೇ ಕಾರ್ಖಾನೆಯ ಆರನೇ ಮೇಜು ಅವಳದು. ಕೆಲಸ ಮುಗಿದ ಮೇಲೆ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತೇನೆಂದು ಗೊಂಬೆಯಮ್ಮ ಬಾಯಿಬಿಟ್ಟ ದಿನ, ಗಂಡ "ಮಗೂನ ಯಾರು ನೋಡ್ತಾರೆ?" ಎಂದು ಶುರುಮಾಡುವಷ್ಟರಲ್ಲಿ ದೊಡ್ಡಕ್ಕ ಬಂದು ಮಗುವನ್ನು ತನ್ನ ಸೊಂಟಕ್ಕೇರಿಸಿಕೊಂಡಳು. "ನೀನು ಹೋಗೇ. ಇವಳು ನನ್ನ ಹತ್ರ ಇರ್ತಾಳೆ. ಇವನ ಮಾತು ಕೇಳ್ತಾ ಕೂತ್ರೆ ಹಾಲು ಉಕ್ಕಿ ಒಲೆ ಆರತ್ತೆ ಅಷ್ಟೇ." ಮೂರು ವರ್ಷ, ವಾರಕ್ಕೆ ಐದು ಸಂಜೆ, ಆ ಮಗು ಉಂಡಿದ್ದು ಮಲಗಿದ್ದು ದೊಡ್ಡಕ್ಕನ ಮಡಿಲಲ್ಲೇ. ಇಂಥ ಋಣವನ್ನು ಯಾವ ಜನ್ಮದಲ್ಲಿ ತೀರಿಸುವುದು ಎಂದು ಗೊಂಬೆಯಮ್ಮ ಆಗಾಗ ಅಂದುಕೊಳ್ಳುತ್ತಿದ್ದಳು. ಆದರೆ ಅಂದುಕೊಂಡದ್ದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಎಂಟು ವರ್ಷದ ಹಿಂದೆ ಕಾರ್ಖಾನೆಗೆ ಲೀನ್ ಎಂಬ ಪದ್ಧತಿ ಬಂತು. ಬೇಡದ ನಡಿಗೆ, ಬೇಡದ ಕಾಯುವಿಕೆ, ಬೇಡದ ರಾಶಿ, ಎಲ್ಲವನ್ನೂ ಹೆಕ್ಕಿ ತೆಗೆಯುವುದು ಅದರ ಸಾರ. ಗೊಂಬೆಯಮ್ಮನಿಗೆ ಇದು ಹಬ್ಬದೂಟ. ಮೊದಲ ವಾರವೇ ಅವಳ ಕಣ್ಣು ಬಿದ್ದದ್ದು ನಾಲ್ಕನೇ ಮೇಜಿನ ಮೇಲೆ. ಅಲ್ಲಿ ಮೋಟಾರಿನ ಮುಚ್ಚಳಕ್ಕೆ ಉದ್ದ ಸ್ಕ್ರೂ, ಫ್ಯಾನಿನ ಕತ್ತು ತಿರುಗಿಸುವ ಗಿಯರಿನ ಮುಚ್ಚಳಕ್ಕೆ ಗಿಡ್ಡ ಸ್ಕ್ರೂ ಹಾಕುತ್ತಾರೆ. ಒಂದು ಡಬ್ಬಿ ಆ ತುದಿಗೆ, ಇನ್ನೊಂದು ಈ ತುದಿಗೆ. ಕೆಲಸದವನು ದಿನವಿಡೀ ಕೈಚಾಚಬೇಕು. ಗೊಂಬೆಯಮ್ಮ ಒಂದೇ ಟ್ರೇ ಮಾಡಿಸಿ, ನಡುವೆ ಒಂದು ತಗಡಿನ ಅಡ್ಡ ಕೊಟ್ಟು, ಕೈಯ ಬುಡದಲ್ಲೇ ಇಡಿಸಿದಳು. ಫ್ಯಾನಿಗೆ ಮೂರು ಸೆಕೆಂಡ್ ಉಳಿಯಿತು. ಕಾರ್ಖಾನೆ ಮಂದಿಯೆಲ್ಲ ಚಪ್ಪಾಳೆ ತಟ್ಟಿ ಅವಳಿಗೊಂದು ಶೀಲ್ಡ್ ಕೊಟ್ಟರು. ಶೀಲ್ಡ್ ಮನೆಗೆ ಬಂದು ಬೀರುವಿನ ಮೇಲೆ ಕೂತಿತು.

ಇನ್ನು ಈಗಿನ ಕಥೆಗೆ ಬರೋಣ. ಒಂದು ಸೋಮವಾರ ಮ್ಯಾನೇಜರು ಗಾಜಿನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. ಬಾಗಿಲು ಹಾಕಿಕೊಂಡರೆಂದರೆ ಒಳ್ಳೆಯ ಸುದ್ದಿಯಲ್ಲ.

"ದಿನಕ್ಕೆ ನಾನೂರ ಎಪ್ಪತ್ತು ಫ್ಯಾನ್ ಹೋಗಬೇಕಮ್ಮ. ಹೋಗ್ತಿರೋದು ನಾನೂರ ಹತ್ತು. ರಾಶಿ ಎಲ್ಲಿ ಬೀಳ್ತಿದೆ ಅಂತ ನೀವೇ ನೋಡಿ."

ನೋಡುವುದೇನು ಬಂತು, ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಆರನೇ ಮೇಜಿನ ಮುಂದೆ ಹನ್ನೊಂದು ಫ್ಯಾನು ಬಾಲ ಹಿಡಿದು ನಿಂತಿದ್ದವು. ಮೇಜಿನ ಹಿಂದೆ ದೊಡ್ಡಕ್ಕ ತಲೆಯೆತ್ತದೆ ಕೆಲಸ ಮಾಡುತ್ತಿದ್ದಳು.

"ರೆಕ್ಕೆ, ಜಾಲರಿ ಕೂರಿಸೋ ಮೆಷಿನ್ ಒಂದು ನೋಡಿಟ್ಟಿದ್ದೀನಿ. ಅದು ಬಂದ್ರೆ ಆಯಮ್ಮ ಮನೆಗೆ ಹೋಗಬೇಕಾಗತ್ತೆ. ಐವತ್ತಾರು ಆಯ್ತು, ಕೈ ನಿಧಾನ ಆಗಿದೆ, ಅವರದೇನೂ ತಪ್ಪಲ್ಲ. ನಿಮ್ಮ ಮನೆಯವರೇ ಅಂತ ಗೊತ್ತು. ಅದಕ್ಕೇ ನಿಮ್ಮ ಕೈಲೇ ಪರೀಕ್ಷೆ ಮಾಡಿಸ್ತಿದ್ದೀನಿ, ಆಮೇಲೆ ಅನ್ಯಾಯ ಆಯ್ತು ಅನ್ನಬಾರದು ನೋಡಿ. ಹತ್ತು ದಿನ ತಗೊಳ್ಳಿ. ಗೊಂಬೆಯಾಟ ಏನು ಹೇಳತ್ತೋ ಹಾಗೇ ಮಾಡೋಣ."

ಮ್ಯಾನೇಜರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಹಗುರಾಗಬಹುದಿತ್ತು. ಗೊಂಬೆಯಮ್ಮ ಗಾಜಿನಾಚೆ ಆರನೇ ಮೇಜಿನ ಕಡೆ ನೋಡಿದಳು. ಮಗಳನ್ನು ಸಾಕಿದ ಕೈಯನ್ನು, ನಿವೃತ್ತಿಗೆ ಎರಡು ವರ್ಷ ಇರುವಾಗ, "ನಿಧಾನ" ಎಂದು ಹಣೆಪಟ್ಟಿ ಹಚ್ಚಿ ಮನೆಗೆ ಕಳಿಸುವ ಕಾಗದಕ್ಕೆ ತಾನೇ ಸಹಿ ಹಾಕಬೇಕು.

ಅವಳು ಸ್ಟಾಪ್‌ವಾಚ್ ಹಿಡಿದು ಹತ್ತು ಮೇಜನ್ನೂ ಅಳೆದಳು. ಆರನೇ ಮೇಜಿನಲ್ಲಿ ಎರಡು ದಿನ, ದಿನಕ್ಕೆ ಅರ್ಧ ಗಂಟೆ ನಿಂತಳು. ನಲವತ್ತೆಂಟು, ಐವತ್ತು, ಐವತ್ತೊಂದು. ಐವತ್ತು ಸೆಕೆಂಡಿನ ಆಚೆ ಈಚೆ ದೊಡ್ಡಕ್ಕನ ಕೈ ತಪ್ಪಲಿಲ್ಲ. ಇದನ್ನೇ ಕಂಪ್ಯೂಟರಿಗೆ ಕೊಟ್ಟರೆ ತೆರೆಯ ಮೇಲೆ ಆರನೇ ಗೊಂಬೆ ಆಗಾಗ ಕೈಕಟ್ಟಿ ನಿಂತು ಫ್ಯಾನಿಗೆ ಕಾಯುತ್ತಿತ್ತು. ಪಾಳಿ ಮುಗಿಯುವಾಗ ನಾನೂರ ಎಂಬತ್ತು ಫ್ಯಾನು! ಗಾಜಿನಾಚೆ ನೋಡಿದರೆ ಅದೇ ರಾಶಿ, ಅದೇ ನಾನೂರ ಹತ್ತು.

ಹಾಗಾದರೆ ಸುಳ್ಳು ಹೇಳುತ್ತಿರುವುದು ಗೊಂಬೆಯೋ, ನೆಲವೋ? ಚಹಾದ ಹೊತ್ತು ಸೇರಿಸಿದಳು, ಬೆಲ್ಟು ನಿಂತದ್ದನ್ನು ಸೇರಿಸಿದಳು, ಮೋಟಾರು ತಡವಾಗಿ ಬಂದದ್ದನ್ನೂ ಸೇರಿಸಿದಳು. ಉಹುಂ. ಅಂಥ ಇಂಥದ್ದಕ್ಕೆಲ್ಲ ಎಪ್ಪತ್ತು ಫ್ಯಾನು ಮಾಯವಾಗುವುದಿಲ್ಲ.

ಲೈನ್ ಮೇಸ್ತ್ರಿ ಬಾಗಿಲಲ್ಲಿ ನಿಂತು ಉಪದೇಶ ಕೊಟ್ಟ. "ಬೆಟ್ಟ ಅಗೆದು ಇಲಿ ಹಿಡೀತಿದ್ದೀರಿ ಮೇಡಂ. ಆರನೇ ಮೇಜಿಗೆ ಅರವತ್ತೈದು ಅಂತ ಹಾಕಿಬಿಡಿ, ತಾನೇ ಸರಿಹೋಗತ್ತೆ."

ಹಾಕಿ ನೋಡಿದಳು. ಸರಿಯಾಗಿ ನಾನೂರ ಹತ್ತರ ಹತ್ತಿರ ಬಂದು ನಿಂತಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈತೊಳೆದುಕೊಂಡು ಏಳುತ್ತಿದ್ದರು. ಗೊಂಬೆಯಮ್ಮನ ದೊಡ್ಡಗುಣವೆಂದರೆ ಇದೇ: ಒಪ್ಪುವ ಸಂಖ್ಯೆ ಸಿಕ್ಕರೆ ಅವಳಿಗೆ ಸಮಾಧಾನವಿಲ್ಲ, ಅದು ಎಲ್ಲಿಂದ ಬಂತೆಂದು ಗೊತ್ತಾಗಬೇಕು.

"ಹಾಕಬಹುದು ಮೇಸ್ತ್ರಿ. ಆದ್ರೆ ನನ್ನ ವಾಚು ಐವತ್ತು ಅಂತಿದೆಯಲ್ಲ. ಮಿಕ್ಕ ಹದಿನೈದು ಸೆಕೆಂಡ್ ಎಲ್ಲಿಂದ ಬಂತು?"

"ವಯಸ್ಸಿಂದ" ಎಂದು ಮೇಸ್ತ್ರಿ ನಕ್ಕ. ಅವಳು ನಗಲಿಲ್ಲ. ಅರವತ್ತೈದನ್ನು ಅಳಿಸಿ ಮತ್ತೆ ಐವತ್ತು ಬರೆದಳು.

ಆರು ದಿನ ಹೀಗೇ ಕಳೆಯಿತು. ಭಾನುವಾರ ಮಧ್ಯಾಹ್ನ ಮನೆಯಲ್ಲಿ ಅವಳು ಕುರ್ಚಿಯಲ್ಲಿ ಮಂಕು ಬಡಿದವಳಂತೆ ಕೂತಿದ್ದಳು. ದೊಡ್ಡಕ್ಕ ಪ್ರತಿ ಭಾನುವಾರದ ಹಾಗೆ ಸ್ಟೂಲ್ ಹತ್ತಿ ಬೀರುವಿನ ಮೇಲಿನ ಧೂಳು ಹೊಡೆದು, ಶೀಲ್ಡನ್ನು ಸೆರಗಿನಿಂದ ಒರೆಸಿ ಇಟ್ಟು ಇಳಿದಳು.

"ಯಾಕೇ, ಮೂರು ದಿನದಿಂದ ಮುಖ ಗಂಟು ಹಾಕ್ಕೊಂಡಿದ್ದೀಯ? ನಿನ್ನ ಗೊಂಬೆಗಳು ಮುಷ್ಕರ ಹೂಡಿದ್ವಾ?"

"ಏನಿಲ್ಲ ಅಕ್ಕ. ತಲೆನೋವು."

"ನಿನಗೆ ಸುಳ್ಳು ಹೇಳೋಕೂ ಬರಲ್ಲ, ಬಿಡು" ಎಂದು ದೊಡ್ಡಕ್ಕ ಅಡುಗೆಮನೆಗೆ ಹೋದಳು. ಕುಕ್ಕರಿನ ಹಿಡಿ ಸಡಿಲವಾಗಿತ್ತು. ಗೂಟಕ್ಕೆ ನೇತುಹಾಕಿದ್ದ ಕಾರ್ಖಾನೆಯ ಏಪ್ರನ್ನಿನ ಜೇಬಿಗೆ ಕೈಹಾಕಿ, ಒಂದು ಗಿಡ್ಡ ಸ್ಕ್ರೂಡ್ರೈವರ್ ತೆಗೆದು, ನೋಡದೆಯೇ ಎರಡು ಸುತ್ತು ತಿರುವಿ ಹಿಡಿಯನ್ನು ಬಿಗಿದಳು. ಕಣ್ಣುಮುಚ್ಚಿ ತೆಗೆಯುವುದರೊಳಗೆ ಕೆಲಸ ಮುಗಿದಿತ್ತು.

ಗೊಂಬೆಯಮ್ಮ ಎದ್ದು ಹೋಗಿ ಅದನ್ನು ಕೈಗೆ ತೆಗೆದುಕೊಂಡಳು. ಮರದ ಹಿಡಿ ಬೆವರು ಕುಡಿದು ಕಪ್ಪಾಗಿತ್ತು, ತುದಿ ಸವೆದು ದುಂಡಗಾಗಿತ್ತು. ಇಷ್ಟು ಸವೆಯಬೇಕಾದರೆ ಸಾವಿರಾರು ಸ್ಕ್ರೂ ತಿರುಗಿಸಿರಬೇಕು. ಆರನೇ ಮೇಜಿನಲ್ಲಿ ರೆಕ್ಕೆಯನ್ನು ಕೈಯಿಂದ ತಿರುವಿ ಕೂರಿಸುತ್ತಾರೆ, ಜಾಲರಿಯನ್ನು ಕ್ಲಿಪ್ಪು ಒತ್ತಿ ಸೇರಿಸುತ್ತಾರೆ. ಅಲ್ಲಿ ಒಂದೇ ಒಂದು ಸ್ಕ್ರೂ ಇಲ್ಲ.

"ಅಕ್ಕ, ನಿಮ್ಮ ಮೇಜಿಗೆ ಸ್ಕ್ರೂಡ್ರೈವರ್ ಯಾಕೆ?"

"ಇದ್ರೆ ಕೈಗಾಗತ್ತೆ ಅಂತ." ದೊಡ್ಡಕ್ಕ ಅದನ್ನು ಕಿತ್ತುಕೊಂಡು ಅಷ್ಟೇ ಬೇಗ ಜೇಬಿಗೆ ಸೇರಿಸಿದಳು. ಆಮೇಲೆ ಅನ್ನಕ್ಕೆ ನೀರು ಜಾಸ್ತಿಯಾಯಿತೆಂದು ಬಯ್ಯತೊಡಗಿದಳು. ಅನ್ನ ಇನ್ನೂ ಒಲೆಯ ಮೇಲೆ ಇಟ್ಟೇ ಇರಲಿಲ್ಲ.

ಮರುದಿನ ಗೊಂಬೆಯಮ್ಮ ಸ್ಟಾಪ್‌ವಾಚನ್ನು ಮೇಜಿನ ಡ್ರಾಯರಿನಲ್ಲೇ ಬಿಟ್ಟು, ರಟ್ಟಿನ ಪೆಟ್ಟಿಗೆಗಳ ಅಟ್ಟಿಯ ಹಿಂದೆ ಹೋಗಿ ನಿಂತಳು. ನಲವತ್ತೈದು ವರ್ಷದ ಹೆಂಗಸು ಕಳ್ಳಿಯಂತೆ ಇಣುಕುವುದೆಂದರೆ ನಾಚಿಕೆಗೇಡು. ಆದರೂ ಇಣುಕಿದಳು.

ದೊಡ್ಡಕ್ಕ ಬೆಲ್ಟಿನಿಂದ ಫ್ಯಾನನ್ನು ಎಳೆದುಕೊಂಡಳು. ರೆಕ್ಕೆ ಹಾಕುವ ಮುಂಚೆ ಅದರ ಕತ್ತನ್ನು ಕೈಯಲ್ಲಿ ಹಿಡಿದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿದಳು. ಸಲೀಸಾಗಿ ತಿರುಗಿತು. ರೆಕ್ಕೆ, ಜಾಲರಿ, ಮುಂದಕ್ಕೆ. ಇನ್ನೊಂದು, ಮತ್ತೊಂದು. ಐದನೆಯದೋ ಆರನೆಯದೋ ಕತ್ತು ಹೊರಳುವಾಗ ಎಲ್ಲೋ ಕಚ್ಚಿತು. ತಕ್ಷಣ ಸ್ಕ್ರೂಡ್ರೈವರ್ ಹೊರಬಂತು. ಗಿಯರಿನ ಮುಚ್ಚಳದಿಂದ, ಒಳಗಿನ ಹಲ್ಲಿಗೆ ತಾಗುತ್ತಿದ್ದ ಒಂದು ಉದ್ದ ಸ್ಕ್ರೂ ಬಿಚ್ಚಿ, ಏಪ್ರನ್ ಜೇಬಿನಿಂದ ಗಿಡ್ಡದ್ದು ತೆಗೆದು ಹಾಕಿ, ಬಿಗಿದು, ಕತ್ತು ತಿರುಗಿಸಿ ನೋಡಿ, ಆಮೇಲೆ ರೆಕ್ಕೆ ಕೂರಿಸಿದಳು. ಗೊಂಬೆಯಮ್ಮ ಮನಸ್ಸಿನಲ್ಲೇ ಎಣಿಸಿದಳು. ಎಪ್ಪತ್ತೈದು ಸೆಕೆಂಡ್ ಹೆಚ್ಚು. ಗಂಟೆಗಟ್ಟಲೆ ನಿಂತು ನೋಡಿದರೂ ಐದಕ್ಕೊಂದು ಹೀಗೇ ಕಚ್ಚುತ್ತಿತ್ತು. ಐದರಲ್ಲಿ ಒಂದಕ್ಕೆ ಎಪ್ಪತ್ತೈದೆಂದರೆ, ಒಂದೊಂದರ ತಲೆಗೆ ಹದಿನೈದು. ಕಳೆದುಹೋದ ಹದಿನೈದು ಸೆಕೆಂಡ್ ಇಲ್ಲಿತ್ತು!

ಅವಳಿಗೆ ಕುಣಿಯುವಂತಾಯಿತು. ಅಕ್ಕ ನಿಧಾನವಲ್ಲ. ಬೇರೆಯವರ ತಪ್ಪು ತಿದ್ದುತ್ತಿದ್ದಾಳೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯಲು ಹೊರಟಿದ್ದರಲ್ಲ ಈ ಜನ! ಸೀದಾ ಅವಳ ಮುಂದೆ ಹೋಗಿ ನಿಂತಳು. ದೊಡ್ಡಕ್ಕನ ಕೈ ಗಕ್ಕನೆ ನಿಂತಿತು.

"ನಾನು ವಾಚು ಹಿಡಿದು ನಿಂತಾಗ ಇದನ್ನ ಯಾಕೆ ಮಾಡಲಿಲ್ಲ?"

"ಕಚ್ಚೋದನ್ನ ಮೇಜಿನ ಕೆಳಗೆ ಇಟ್ಟಿದ್ದೆ. ನೀನು ಹೋದ ಮೇಲೆ ಮಾಡ್ದೆ."

"ಯಾಕಕ್ಕ?"

ದೊಡ್ಡಕ್ಕ ಇನ್ನೊಂದು ಫ್ಯಾನು ಎಳೆದುಕೊಂಡಳು.

ಲೀನ್ ಪದ್ಧತಿಯಲ್ಲಿ ಒಂದು ನೇಮವುಂಟು. ತಪ್ಪು ಕಂಡರೆ ಐದು ಸಲ "ಯಾಕೆ" ಎಂದು ಕೇಳಬೇಕು, ಬೇರು ಸಿಗುವ ತನಕ ಬಿಡಬಾರದು. ಈ ನೇಮವನ್ನು ಲೈನಿನವರಿಗೆಲ್ಲ ಕಲಿಸಿದವಳೇ ಗೊಂಬೆಯಮ್ಮ. ಆರನೇ ಮೇಜು ಯಾಕೆ ತಡ? ಸ್ಕ್ರೂ ಬದಲಿಸುವುದಕ್ಕೆ. ಯಾಕೆ ಬದಲಿಸಬೇಕು? ಗಿಡ್ಡದರ ಜಾಗದಲ್ಲಿ ಉದ್ದದ್ದು ಬಂದಿದೆ. ಯಾಕೆ ಬಂತು? ಕೇಳುತ್ತ ಕೇಳುತ್ತ ನಾಲ್ಕನೇ ಮೇಜಿಗೆ ಬಂದಳು. ಅಲ್ಲಿನವನು ತಲೆಬಗ್ಗಿಸಿ, ಕಣ್ಣು ಫ್ಯಾನಿನ ಮೇಲಿಟ್ಟು, ಕೈಯನ್ನು ಟ್ರೇಗೆ ಇಳಿಸಿ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತಿದ್ದ. ಟ್ರೇಯ ಅಡ್ಡತಗಡು ಬೆರಳಿನ ಒಂದು ಗೆಣ್ಣಿನಷ್ಟೂ ಎತ್ತರವಿಲ್ಲ. ಚೀಲದಿಂದ ಸ್ಕ್ರೂ ಸುರಿಯುವಾಗಲೆಲ್ಲ ಉದ್ದದ್ದು ಹಾರಿ ಗಿಡ್ಡದರ ಪಾಲಿಗೆ ಬೀಳುತ್ತಿತ್ತು. ಟ್ರೇಯ ಅಂಚಿಗೆ ಒಂದು ಹಳೆಯ ಚೀಟಿ ಅಂಟಿತ್ತು. "ಉದ್ದ", "ಗಿಡ್ಡ". ಅವಳದೇ ಕೈಬರಹ.

ಶೆಡ್ಡಿನ ಸದ್ದೆಲ್ಲ ದೂರ ಸರಿದಂತಾಯಿತು. ಟ್ರೇ ಬಂದದ್ದು ಎಂಟು ವರ್ಷದ ಹಿಂದೆ. ಶೀಲ್ಡೂ ಎಂಟು ವರ್ಷದ್ದು. ಸ್ಕ್ರೂಡ್ರೈವರ್ ಸವೆದದ್ದೂ ಎಂಟು ವರ್ಷ.

ಊಟದ ಬಿಡುವಿನಲ್ಲಿ ಕೈತೊಳೆಯುವ ನಲ್ಲಿಯ ಹತ್ತಿರ ದೊಡ್ಡಕ್ಕ ಒಬ್ಬಳೇ ಸಿಕ್ಕಳು. ಗೊಂಬೆಯಮ್ಮ ಹತ್ತಿರ ಹೋದಳು.

"ನನ್ನ ಟ್ರೇ ತಪ್ಪು ಅಂತ ನಿಮಗೆ ಅವತ್ತೇ ಗೊತ್ತಿತ್ತು."

"ಅವತ್ತಲ್ಲ. ಒಂದು ವಾರ ಆದ್ಮೇಲೆ."

"ಹೇಳಬಾರದಿತ್ತಾ?"

"ಹೇಗೆ ಹೇಳಲಿ? ಶೀಲ್ಡ್ ಎದೆಗವಚಿಕೊಂಡು ಮನೆಗೆ ಬಂದಿದ್ದೆ. ಮದುವೆಯಾಗಿ ಬಂದಾಗಲೂ ನಿನ್ನ ಮುಖ ಅಷ್ಟು ಬೆಳಗಿರಲಿಲ್ಲ." ದೊಡ್ಡಕ್ಕ ನಲ್ಲಿ ನಿಲ್ಲಿಸಿದಳು. "ಆಗ ದಿನಕ್ಕೆ ಮುನ್ನೂರ ಐವತ್ತು ಫ್ಯಾನ್ ಸಾಕಿತ್ತು. ನನ್ನ ಕೈಗೂ ಬಿಡುವಿತ್ತು. ನಾನೇ ಸರಿ ಮಾಡ್ಕೊಂಡ್ರೆ ಆಯ್ತು ಅಂದ್ಕೊಂಡೆ. ಆಮೇಲೆ ಅದೇ ರೂಢಿ ಆಗೋಯ್ತು ಕಣೇ."

"ಈಗ ನಿಮ್ಮ ಕೆಲಸಕ್ಕೇ ಕುತ್ತು ಬಂದಿದೆ. ಅದು ಗೊತ್ತಾ?"

"ಮೇಸ್ತ್ರಿ ಬಾಯಲ್ಲಿ ಏನು ನಿಲ್ಲತ್ತೆ? ಮೊದಲ ದಿನವೇ ಹೇಳ್ದ." ದೊಡ್ಡಕ್ಕ ಕೈ ಒರೆಸಿಕೊಂಡಳು. "ನನಗಿರೋದು ಎರಡು ವರ್ಷ. ನಿನಗೆ ಇನ್ನೂ ಹದಿಮೂರಿದೆ. ನಿನ್ನ ಹೆಸರಿಗೆ ಮಸಿ ಬಳಿದು ನಾನೇನು ಸಾಧಿಸಬೇಕು? ಸುಮ್ನೆ ಟ್ರೇ ಬದಲಾಯಿಸು. ಯಾರು ಮಾಡಿದ್ದು ಅಂತ ಯಾರಿಗೂ ನೆನಪಿಲ್ಲ."

ನಿಜ ಹೇಳಬೇಕೆಂದರೆ ಆ ಮಾತು ಗೊಂಬೆಯಮ್ಮನ ಕಿವಿಗೆ ಹಿತವಾಗಿಯೇ ಕೇಳಿತು. ಮಧ್ಯಾಹ್ನವೆಲ್ಲ ಆ ಯೋಚನೆಯಲ್ಲೇ ಕೂತಳು. ಟ್ರೇ ಬದಲಾದರೆ ಅಕ್ಕನ ಕೆಲಸವೂ ಉಳಿಯಿತು, ತನ್ನ ಹೆಸರೂ ಉಳಿಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆದರೆ ಆರನೇ ಮೇಜಿನಾಕೆ ನಿಧಾನ ಎಂಬ ಮಾತು? ಅದು ಮ್ಯಾನೇಜರ ತಲೆಯಲ್ಲಿ ಹಾಗೇ ಉಳಿಯುತ್ತದೆ. ಇನ್ನೊಂದು ಸಲ ಆಳು ಕಡಿಮೆ ಮಾಡುವ ಮಾತು ಬಂದರೆ ಮೊದಲು ಹೋಗುವುದು ಅವಳೇ.

ಹತ್ತನೇ ದಿನ ಗಾಜಿನ ಕೋಣೆಯಲ್ಲಿ ಮ್ಯಾನೇಜರು, ಮೇಸ್ತ್ರಿ ಇಬ್ಬರೂ ಸೇರಿದರು. ದೊಡ್ಡಕ್ಕನನ್ನೂ ಕರೆಸಬೇಕೆಂದು ಗೊಂಬೆಯಮ್ಮ ಹಟ ಹಿಡಿದು ಕರೆಸಿದ್ದಳು. ತೆರೆಯ ಮೇಲೆ ಮೂರು ಆಟ ಆಡಿಸಿದಳು. ಮೊದಲನೆಯದು ಇವತ್ತಿನ ಲೈನು, ಐದರಲ್ಲೊಂದು ಸ್ಕ್ರೂ ಬದಲಾವಣೆ ಸಮೇತ: ನಾನೂರ ಹನ್ನೆರಡು. ಎರಡನೆಯದರಲ್ಲಿ ಆರನೇ ಮೇಜಿಗೆ ಮೆಷಿನು. ಮೆಷಿನ್ನಿಗೆ ಕತ್ತು ಕಚ್ಚುವುದು ಗೊತ್ತಾಗುವುದಿಲ್ಲ. ಕೆಟ್ಟ ಫ್ಯಾನುಗಳು ಪರೀಕ್ಷೆಯ ಮೇಜಿನ ತನಕ ಹೋಗಿ, ಪೂರ್ತಿ ಬಿಚ್ಚಿಸಿಕೊಳ್ಳಲು ವಾಪಸು ಬಂದವು. ಮುನ್ನೂರ ಎಪ್ಪತ್ತು. ಮೂರನೆಯದರಲ್ಲಿ ಅದೇ ಮೇಜು, ಅದೇ ಹೆಂಗಸು, ಉದ್ದ ಗಿಡ್ಡ ಸ್ಕ್ರೂಗಳಿಗೆ ಮಾತ್ರ ಬೇರೆ ಬೇರೆ ಬಟ್ಟಲು: ನಾನೂರ ಎಪ್ಪತ್ತೆಂಟು.

ಮ್ಯಾನೇಜರು ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡರು. "ಒಂದು ಟ್ರೇ ಇಷ್ಟೆಲ್ಲ ಮಾಡ್ತಾ? ಯಾರಮ್ಮ ಅದನ್ನ ಮಾಡಿದ್ದು?"

ಮೇಸ್ತ್ರಿ ಚಾವಣಿ ನೋಡಿದ. ದೊಡ್ಡಕ್ಕ ಬಾಯಿಹಾಕಿದಳು. "ಅದು ಹಳೇದು ಸಾರ್, ಯಾವ ಕಾಲದ್ದೋ ಏನೋ..."

"ನಾನು ಸಾರ್" ಎಂದಳು ಗೊಂಬೆಯಮ್ಮ. "ಮೂರು ಸೆಕೆಂಡ್ ಉಳಿಸಿದೆ ಅಂತ ನನಗೆ ಶೀಲ್ಡ್ ಕೊಟ್ರಿ. ನಾನು ನಾಲ್ಕನೇ ಮೇಜಲ್ಲಿ ಮೂರು ಉಳಿಸಿ, ಆರನೇ ಮೇಜಲ್ಲಿ ಹದಿನೈದು ಕಳೆದಿದ್ದೆ. ಅಷ್ಟು ದೂರ ನೋಡಲೇ ಇಲ್ಲ. ಆ ಹದಿನೈದನ್ನ ಎಂಟು ವರ್ಷದಿಂದ ನಮ್ಮಕ್ಕ ತಮ್ಮ ಕೈಯಿಂದ ತುಂಬ್ತಾ ಬಂದಿದ್ದಾರೆ. ಕತ್ತು ಕಚ್ಚೋ ಫ್ಯಾನ್ ಒಂದೂ ಅವರ ಮೇಜು ದಾಟಿಲ್ಲ. ನಿಧಾನ ಇದ್ದಿದ್ದು ಅವರ ಕೈಯಲ್ಲ ಸಾರ್, ನನ್ನ ಬುದ್ಧಿ."

ದೊಡ್ಡಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ನೆಲ ನೋಡಿದಳು. ಮ್ಯಾನೇಜರು ತೆರೆಯ ಮೇಲಿನ ಮೂರನೇ ಆಟವನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಮೇಸ್ತ್ರಿಯ ಕಡೆ ತಿರುಗಿದರು. "ಎರಡು ಬಟ್ಟಲು ಹುಡುಕಯ್ಯ."

ಕ್ಯಾಂಟೀನಿನಿಂದ ಎರಡು ಸ್ಟೀಲ್ ಬಟ್ಟಲು ಬಂದವು. ಒಂದು ಎಡಕ್ಕೆ, ಒಂದು ಬಲಕ್ಕೆ. ಮಾರನೇ ದಿನ ಬೆಳಗಿನ ಪಾಳಿ ಹೊಸ ಏರ್ಪಾಟಿನಲ್ಲಿ ಹೊರಟಿತು. ಹತ್ತು ಗಂಟೆಯ ಹೊತ್ತಿಗೆ ಆರನೇ ಮೇಜಿನ ಮುಂದಿನ ರಾಶಿ ಕರಗಿತು. ಹನ್ನೊಂದಕ್ಕೆ ಬೆಲ್ಟು ಖಾಲಿ ಬಂತು. ದೊಡ್ಡಕ್ಕ ಆ ಕಡೆ ನೋಡಿದಳು, ಈ ಕಡೆ ನೋಡಿದಳು, ಏನು ಮಾಡಬೇಕೋ ತಿಳಿಯದೆ ಕೈಕಟ್ಟಿ ನಿಂತಳು. ತೆರೆಯ ಮೇಲಿನ ಗೊಂಬೆ ನಿಲ್ಲುತ್ತಿದ್ದದ್ದೂ ಹೀಗೇ. ಗಾಜಿನೊಳಗಿಂದ ಅದನ್ನು ನೋಡಿ ಗೊಂಬೆಯಮ್ಮನಿಗೆ ಅಳು ಉಕ್ಕಿ ಬಂತು, ತಡೆಯಲಿಲ್ಲ. ಆ ದಿನ ನಾನೂರ ಎಪ್ಪತ್ತಮೂರು ಫ್ಯಾನು ಹೊರಬಿದ್ದವು.

ಮೆಷಿನ್ನಿನ ಮಾತು ಮತ್ತೆ ಬರಲಿಲ್ಲ. ಗೊಂಬೆಯಮ್ಮ ಮ್ಯಾನೇಜರ ಹತ್ತಿರ ಹೋಗಿ, ಶೀಲ್ಡ್ ವಾಪಸು ಕೊಡುತ್ತೇನೆಂದಳು. ಅವರು ತಲೆಯೆತ್ತದೆ, "ಕೊಡೋ ಫಾರಂ ಇದೆ ನಮ್ಮಲ್ಲಿ, ವಾಪಸ್ ತಗೊಳ್ಳೋ ಫಾರಂ ಇಲ್ಲ. ಹೋಗಿ ಕೆಲಸ ನೋಡಿ" ಎಂದರು.

ಭಾನುವಾರ ಬಂತು. ದೊಡ್ಡಕ್ಕ ಸ್ಟೂಲ್ ಎಳೆಯುವ ಮುಂಚೆಯೇ ಗೊಂಬೆಯಮ್ಮ ಅದರ ಮೇಲೆ ಹತ್ತಿ ಶೀಲ್ಡನ್ನು ಕೆಳಗಿಳಿಸಿದ್ದಳು.

"ಎಲ್ಲಿಗೆ ಒಯ್ತಿದ್ದೀಯ ಅದನ್ನ?"

"ಅಟ್ಟಕ್ಕೆ ಹಾಕ್ತೀನಿ. ಇದರ ಮುಖ ನೋಡೋಕೆ ನಾಚಿಕೆ ಆಗತ್ತೆ. ತಪ್ಪು ಅಂತ ಗೊತ್ತಿದ್ದೂ ಎಂಟು ವರ್ಷ, ಪ್ರತಿ ಭಾನುವಾರ ಇದನ್ನ ಹೇಗಕ್ಕ ಒರೆಸಿದ್ರಿ?"

"ಟ್ರೇಗೆ ಅಂತ ಒರೆಸಿದ್ನಾ ನಾನು?" ದೊಡ್ಡಕ್ಕನಿಗೆ ಸಿಟ್ಟೇ ಬಂತು. "ಮೂರು ವರ್ಷ ಮಗೂನ ನನ್ನ ಕೈಲಿ ಕೊಟ್ಟು, ಕತ್ತಲಾದ ಮೇಲೆ ಬಸ್ಸಿಳಿದು ಬರ್ತಿದ್ದೆಯಲ್ಲ, ಅದಕ್ಕೆ ಕೊಟ್ಟಿದ್ದು ಅಂತ ಒರೆಸ್ದೆ. ಇಡು ಅಲ್ಲೇ."

ಗೊಂಬೆಯಮ್ಮ ಕಣ್ಣೊರೆಸಿಕೊಂಡು ಶೀಲ್ಡನ್ನು ಇದ್ದಲ್ಲೇ ಇಟ್ಟಳು. ಸ್ಟೂಲಿನಿಂದ ಇಳಿದು, ಗೂಟದಲ್ಲಿದ್ದ ಏಪ್ರನ್ನಿನ ಜೇಬಿನಿಂದ ಸವೆದ ಸ್ಕ್ರೂಡ್ರೈವರ್ ತೆಗೆದು, ಮತ್ತೆ ಹತ್ತಿ, ಶೀಲ್ಡಿನ ಪಕ್ಕದಲ್ಲಿ ನೆಟ್ಟಗೆ ಇಟ್ಟಳು.

"ಅಯ್ಯೋ, ಕುಕ್ಕರ್ ಹಿಡಿ ಸಡಿಲ ಆದ್ರೆ?"

"ಹೊಸದು ತಂದ್ಕೊಡ್ತೀನಿ. ಇದು ಇಲ್ಲೇ ಇರಲಿ."

ದೊಡ್ಡಕ್ಕ ಕೆಳಗೆ ನಿಂತು ಎರಡನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೈಯಲ್ಲಿದ್ದ ಧೂಳಿನ ಬಟ್ಟೆಯನ್ನು ಸ್ಟೂಲಿನ ಮೇಲಿದ್ದವಳ ಹೆಗಲಿಗೆ ಎಸೆದಳು.

"ಹಾಗಿದ್ರೆ ಇನ್ಮೇಲೆ ಒರೆಸೋ ಕೆಲಸ ನಿಂದು."

ಗೊಂಬೆಯಮ್ಮ ಮೊದಲು ಸ್ಕ್ರೂಡ್ರೈವರನ್ನು ಒರೆಸಿದಳು.